ಪಚೋಲಿ ಎಣ್ಣೆ: ಸೀಸೆ ಕೊಳ್ಳುವ ಮೊದಲು, ಕೊಂಡ ಮೇಲೆ

ಪಚೋಲಿ ಸೀಸೆಯ ಮುಚ್ಚಳ ತೆಗೆದ ಕೂಡಲೇ ಮೂಗು ಮುರಿಯುವವರೇ ಹೆಚ್ಚು. ನಾನೂ ಹಾಗೇ ಮಾಡಿದ್ದೆ. ತೇವದ ಮಣ್ಣು, ವರ್ಷಗಟ್ಟಲೆ ಮುಚ್ಚಿಟ್ಟ ಮರದ ಪೆಟ್ಟಿಗೆ, ಅದರ ಮೇಲೊಂದಿಷ್ಟು ಕರ್ಪೂರದ ಘಾಟು. ಇದನ್ನು ಯಾರಾದರೂ ದುಡ್ಡು ಕೊಟ್ಟು ಮೈಗೆ ಹಚ್ಚಿಕೊಳ್ಳುತ್ತಾರಾ ಅನ್ನಿಸಿ ಸೀಸೆಯನ್ನು ಒಳಗಿಟ್ಟೆ. ಒಂದು ಹನಿ ಬಿದ್ದಿದ್ದ ಕಾಗದದ ಚೂರು ಮಾತ್ರ ಮೇಜಿನ ಮೇಲೇ ಉಳಿದಿತ್ತು. ಮೂರನೇ ದಿನ ಅದನ್ನು ಎಸೆಯಲು ಕೈಗೆತ್ತಿಕೊಂಡಾಗ ಘಾಟೆಲ್ಲ ಹೋಗಿತ್ತು. ಒಣಗಿದ ಮರಕ್ಕೆ ಬೆಲ್ಲದ ಪಾಕ ತಾಗಿದಂಥ ಪರಿಮಳ ಉಳಿದಿತ್ತು. ಆ ಚೂರನ್ನು ಪುಸ್ತಕದೊಳಗೆ ಇಟ್ಟೆ. ಒಂದು ತಿಂಗಳಾದರೂ ವಾಸನೆ ಇತ್ತು.

ಇದು ನಿಧಾನದ ಎಣ್ಣೆ. ಕಿತ್ತಳೆ, ನಿಂಬೆಯ ಎಣ್ಣೆಗಳು ಬಂದ ದಾರಿಯಲ್ಲೇ ಹಾರಿಹೋಗುತ್ತವೆ. ಪಚೋಲಿ ಕೂತ ಜಾಗ ಬಿಟ್ಟು ಏಳುವುದಿಲ್ಲ. ಹಾಗಾಗಿ ಪರಿಮಳ ಬಹಳ ದಿನ ನಿಲ್ಲಬೇಕಾದ ಕಡೆಯೆಲ್ಲ ಇದು ಕೆಲಸಕ್ಕೆ ಬರುತ್ತದೆ: ಸೀರೆಯ ಬೀರು, ಸಾಬೂನು, ಅತ್ತರು, ಅಗರಬತ್ತಿ. ಉಳಿದಂತೆ ಮುಪ್ಪು ತಡೆಯುತ್ತದೆ, ಖಿನ್ನತೆ ಓಡಿಸುತ್ತದೆ, ಕೂದಲು ಬೆಳೆಸುತ್ತದೆ ಎಂದು ಮಾರುವವರು ಕೊಡುವ ಉದ್ದದ ಪಟ್ಟಿಯಿದೆಯಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನು ಬದಿಗಿಟ್ಟಿದ್ದೇನೆ. ಯಾವುದನ್ನು, ಏಕೆ ಎಂಬುದು ಮುಂದೆ ಬರುತ್ತದೆ.

ಗಿಡದ ಪರಿಚಯ

ಪಚೋಲಿ ತುಳಸಿ, ಪುದೀನ, ದೊಡ್ಡಪತ್ರೆಯ ಕುಟುಂಬದ್ದು. ಶಾಸ್ತ್ರೀಯ ಹೆಸರು ಪೊಗೊಸ್ಟೆಮೋನ್ ಕ್ಯಾಬ್ಲಿನ್. ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುವ ಪೊದೆ, ಅಗಲವಾದ ಮೆತ್ತನೆಯ ಎಲೆ. ಮೂಲ ಫಿಲಿಪ್ಪೀನ್ಸ್ ಮತ್ತು ಅದರ ಸುತ್ತಲಿನ ದ್ವೀಪಗಳು. ಇಂದು ಜಗತ್ತಿನ ಪಚೋಲಿ ಎಣ್ಣೆಯ ಬಹುಪಾಲು ಬರುವುದು ಇಂಡೋನೇಷ್ಯಾದಿಂದ. ಸುಮಾತ್ರಾದಲ್ಲಿರುವ 'ಆಚೇ' ಎಂಬ ಪ್ರಾಂತ್ಯ, ಸುಲವೇಸಿ, ಜಾವಾಗಳಲ್ಲಿ ಸಣ್ಣ ರೈತರು ಇದನ್ನು ಬೆಳೆದು ಊರಿನ ಭಟ್ಟಿಗಳಲ್ಲೇ ಎಣ್ಣೆ ಇಳಿಸುತ್ತಾರೆ. ಅಲ್ಲಿ ಇದರ ಹೆಸರು ನಿಲಮ್.

ಹೆಸರು ಮಾತ್ರ ನಮ್ಮ ಕಡೆಯದು. ತಮಿಳಿನ 'ಪಚ್ಚೈ ಇಲೈ', ಅಂದರೆ ಹಸಿರೆಲೆ, ಇಂಗ್ಲಿಷರ ಬಾಯಲ್ಲಿ ಪಚೋಲಿ ಆಯಿತು ಎನ್ನುತ್ತಾರೆ. ನಮ್ಮ ಪಚ್ಚೆ ಕಲ್ಲಿನಲ್ಲಿರುವ ಪಚ್ಚೆಯೂ ಅದೇ. ಕನ್ನಡದಲ್ಲಿ ಪಚ್ಚೆತೆನೆ ಎಂಬ ಹೆಸರೇ ಇದೆ. ಮರುಗ, ದವನದ ಹಾಗೆ ಹೂವಿನ ಜೊತೆ ಸೇರಿಸಿ ಕಟ್ಟುವ ಪರಿಮಳದ ಎಲೆ. ಆದರೆ ನಮ್ಮ ಪಚ್ಚೆತೆನೆ ಹೆಚ್ಚಾಗಿ ಇದರ ದಾಯಾದಿ ಗಿಡ, ಪೊಗೊಸ್ಟೆಮೋನ್ ಹೈನಿಯಾನಸ್. ವಾಸನೆಯಲ್ಲಿ ಹೋಲಿಕೆಯಿದೆ, ಎಣ್ಣೆಯ ಇಳುವರಿ ಮತ್ತು ಗುಣದಲ್ಲಿ ಇಂಡೋನೇಷ್ಯಾದ ಗಿಡಕ್ಕೆ ಸಾಟಿಯಿಲ್ಲ. ಸೀಸೆಯ ಮೇಲೆ ಸಸ್ಯದ ಹೆಸರು ಇದೆಯೇ ಎಂದು ನೋಡಿ ಅನ್ನುವುದು ಇದಕ್ಕೇ.

ಎಣ್ಣೆ ಇಳಿಸುವ ರೀತಿಯನ್ನೂ ತಿಳಿದಿದ್ದರೆ ಒಳ್ಳೆಯದು, ಕೊಳ್ಳುವಾಗ ನೆರವಾಗುತ್ತದೆ. ಹಸಿ ಎಲೆಯಿಂದ ಎಣ್ಣೆ ಸರಿಯಾಗಿ ಬಿಡುವುದಿಲ್ಲ, ಏಕೆಂದರೆ ಎಣ್ಣೆಯ ಬಹುಭಾಗ ಎಲೆಯ ಒಳಗಿನ ಕೋಶಗಳಲ್ಲಿ ಅಡಗಿರುತ್ತದೆ. ಎಲೆಯನ್ನು ನೆರಳಲ್ಲಿ ಒಣಗಿಸಿ, ಕೆಲವು ದಿನ ರಾಶಿ ಹಾಕಿ ಹದಕ್ಕೆ ಬರಿಸಿ, ಆಮೇಲೆ ಗಂಟೆಗಟ್ಟಲೆ ಹಬೆ ಹಾಯಿಸುತ್ತಾರೆ. ಒಣಗಿದ 100 ಕೆ.ಜಿ. ಎಲೆಗೆ ಸುಮಾರು 2ರಿಂದ 3 ಕೆ.ಜಿ. ಎಣ್ಣೆ. ಮನೆಯ ಕುಕ್ಕರಿಗೆ ಪೈಪು ಜೋಡಿಸಿ ಪಚೋಲಿ ಎಣ್ಣೆ ತೆಗೆಯಬಹುದೇ ಎಂದು ಕೇಳುವವರಿಗೆ ಇಲ್ಲೇ ಉತ್ತರವಿದೆ: ಗ್ಯಾಸು ಖರ್ಚಾಗುತ್ತದೆ, ಕುಕ್ಕರು ವಾಸನೆ ಹಿಡಿಯುತ್ತದೆ, ಕೈಗೆ ಸಿಗುವುದು ನಾಲ್ಕು ಹನಿ.

ಹಳೆಯ ಭಟ್ಟಿಗಳು ಕಬ್ಬಿಣದವು. ಅವುಗಳಿಂದ ಬಂದ ಎಣ್ಣೆ ಗಾಢ ಕಂದು. ಸ್ಟೇನ್‌ಲೆಸ್ ಸ್ಟೀಲ್ ಭಟ್ಟಿಯದು ತಿಳಿ ಹಳದಿ ಅಥವಾ ಜೇನಿನ ಬಣ್ಣ. ಮಾರುಕಟ್ಟೆಯಲ್ಲಿ 'ಡಾರ್ಕ್', 'ಲೈಟ್' ಎಂದು ಎರಡು ಬಗೆ ಕಾಣುವುದು ಹೀಗೆ. ಗಾಢವಾದದ್ದೇ ಅಸಲಿ, ತಿಳಿಯಾದದ್ದು ಕಲಬೆರಕೆ ಎಂಬ ನಂಬಿಕೆ ತಪ್ಪು. ಬಟ್ಟೆಯ ಹತ್ತಿರ, ಬಿಳಿ ಸಾಬೂನಿಗೆ ತಿಳಿಯದ್ದನ್ನೇ ಬಳಸಿ. ಗಾಢವಾದದ್ದು ಕಲೆ ಮಾಡುತ್ತದೆ. ಅಮ್ಮನ ಸೀರೆಯೊಂದರ ಸೆರಗಿನಲ್ಲಿ ನಾನು ಮಾಡಿಟ್ಟ ಕಾಸಿನಗಲದ ಕಂದು ಗುರುತು ಇವತ್ತಿಗೂ ಇದೆ.

ಕೊಳ್ಳುವಾಗ

ಮೊದಲು ಸೀಸೆಯ ಮೇಲಿನ ಪದ ಓದಿ. 'ಎಸೆನ್ಶಿಯಲ್ ಆಯಿಲ್' ಅಂದರೆ ಗಿಡದಿಂದ ಇಳಿಸಿದ ಸಾರತೈಲ. 'ಫ್ರಾಗ್ರೆನ್ಸ್ ಆಯಿಲ್' ಅಂದರೆ ಕಾರ್ಖಾನೆಯಲ್ಲಿ ಕೂಡಿಸಿದ ಪರಿಮಳ. ಎರಡನೆಯದು ಕೆಟ್ಟದ್ದೇನಲ್ಲ, ಆದರೆ ಅದರೊಳಗೆ ಏನಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ, ಒಂದೇ ಬಗೆಯ ಎಲೆಯ ಚಿತ್ರ ಹೊತ್ತು ಕೂತಿರುತ್ತವೆ.

ನಂತರ ಸಸ್ಯದ ಹೆಸರು, ಯಾವ ದೇಶದ್ದು, ಬ್ಯಾಚ್ ಸಂಖ್ಯೆ, ಗಾಢ ಬಣ್ಣದ ಗಾಜಿನ ಸೀಸೆ. ಪ್ಲಾಸ್ಟಿಕ್ ಸೀಸೆಯಲ್ಲಿದ್ದರೆ ಬಿಡಿ.

ಸಾಬೂನು ಮಾಡುವವರು, ಹೆಚ್ಚು ಪ್ರಮಾಣದಲ್ಲಿ ಕೊಳ್ಳುವವರು ಮಾರಾಟಗಾರರಿಂದ ಜಿ.ಸಿ. ವರದಿ ಕೇಳಬಹುದು. ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಎಂದು ಯಂತ್ರ ಅಳೆದು ಕೊಟ್ಟ ಪಟ್ಟಿ ಅದು. ಅದರಲ್ಲಿ ಹುಡುಕಬೇಕಾದ ಮೊದಲ ಹೆಸರು ಪಚೌಲಾಲ್. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದು ಶೇ. 27ರಿಂದ 35ರ ಆಸುಪಾಸಿನಲ್ಲಿರಬೇಕು. ಆಲ್ಫಾ-ಬುಲ್ನೆಸೀನ್, ಆಲ್ಫಾ-ಗ್ವಾಯೀನ್ ಎಂಬ ಇನ್ನೆರಡೂ ಎರಡಂಕಿಯ ಪ್ರಮಾಣದಲ್ಲಿ ಕಾಣಬೇಕು. ನಾರ್‌ಪಚೌಲೆನಾಲ್ ಎಂಬುದು ಶೇ. 1ಕ್ಕಿಂತ ಕಡಿಮೆ ಇದ್ದೂ ಪಚೋಲಿಗೆ ಅದರ ಮುಖ್ಯ ವಾಸನೆ ಕೊಡುವುದರಲ್ಲಿ ದೊಡ್ಡ ಪಾಲು ಹೊಂದಿದೆ. ಸಾರಿನ ಇಂಗಿನ ಹಾಗೆ.

ಕಲಬೆರಕೆ ಮಾಡುವವರು ಗುರ್ಜನ್ ಬಾಲ್ಸಮ್ ಎಂಬ ಮರದ ರಾಳ, ಸೀಡರ್‌ವುಡ್ ಎಣ್ಣೆ, ಇಲ್ಲವೇ ಅಡುಗೆಯ ಎಣ್ಣೆಯಂಥದ್ದನ್ನು ಬೆರೆಸುತ್ತಾರೆ. ಮನೆಯಲ್ಲಿ ಪರೀಕ್ಷೆ ಮಾಡುವ ದಾರಿ ಇದೆ, ತಾಳ್ಮೆ ಬೇಕು ಅಷ್ಟೆ:

1. ದಪ್ಪ ಬಿಳಿ ಕಾಗದವನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ. ತುದಿಗೆ ಒಂದೇ ಹನಿ ಬಿಡಿ. ಹಿಂದೆ ದಿನಾಂಕ ಬರೆಯಿರಿ.
2. ಹತ್ತು ನಿಮಿಷ ಕಳೆದ ಮೇಲೆ ಒಮ್ಮೆ, ಸಂಜೆಗೆ ಒಮ್ಮೆ, ಮರುದಿನ, ಮೂರನೇ ದಿನ, ವಾರದ ಕೊನೆಗೆ ಮೂಸಿ. ಪ್ರತಿ ಸಲ ಎರಡು ಪದದಲ್ಲಿ ಗುರುತು ಹಾಕಿಕೊಳ್ಳಿ.
3. ಒಳ್ಳೆಯ ಎಣ್ಣೆ ಹಂತ ಹಂತವಾಗಿ ಬದಲಾಗುತ್ತದೆ: ಮೊದಲು ಮಣ್ಣು, ಕರ್ಪೂರ, ಆಮೇಲೆ ಹುಳಿ ಹಣ್ಣಿನಂಥ ಒಂದು ಎಳೆ, ಕೊನೆಗೆ ಒಣ ಮರ, ಸಿಹಿ. ಮರುದಿನವೇ ವಾಸನೆ ಸತ್ತರೆ ಅದು ಪಚೋಲಿಯಲ್ಲ, ಇಲ್ಲವೇ ಪಚೋಲಿಯ ಹೆಸರಿಗೊಂದು ಪಾಲು.
4. ಎರಡು ಮೂರು ವಾರದ ಮೇಲೆ ಕಾಗದವನ್ನು ಬೆಳಕಿಗೆ ಹಿಡಿಯಿರಿ. ವಾಸನೆ ಕುಗ್ಗಿದ ಮೇಲೂ ಬೋಂಡಾ ಕಟ್ಟಿದ ಕಾಗದದ ಹಾಗೆ ಜಿಡ್ಡಿನ ಪಾರದರ್ಶಕ ವೃತ್ತ ಉಳಿದಿದ್ದರೆ ಹಾರದ ಎಣ್ಣೆ ಬೆರೆತಿದೆ ಎಂದು ಅನುಮಾನಿಸಿ. ಬರೀ ಹಳದಿ ಕಲೆ ಇದ್ದರೆ ತೊಂದರೆಯಿಲ್ಲ.

ನಾನು ಮೊದಲು ಆನ್‌ಲೈನಿನಲ್ಲಿ ತರಿಸಿದ ಸೀಸೆ ನೀರಿನಷ್ಟು ತೆಳ್ಳಗಿತ್ತು. ನಿಜವಾದ ಪಚೋಲಿ ಮಂದ. ಸೀಸೆ ಬಗ್ಗಿಸಿದರೆ ಹನಿ ಬೀಳಲು ಯೋಚನೆ ಮಾಡುತ್ತದೆ.

ಅಳತೆ: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಸಾರತೈಲವನ್ನು ನೇರವಾಗಿ ಮೈಗೆ ಹಚ್ಚುವುದಿಲ್ಲ. ಯಾವುದಾದರೂ ಸಾದಾ ಎಣ್ಣೆಯಲ್ಲಿ, ಅಂದರೆ ಕೊಬ್ಬರಿ, ಎಳ್ಳು, ಬಾದಾಮಿ, ಹೊಹೊಬಾ ಯಾವುದಾದರೊಂದರಲ್ಲಿ, ಬೆರೆಸಿ ಹಚ್ಚುತ್ತೇವೆ. ನೀರಿನಲ್ಲಿ ಇದು ಕರಗುವುದಿಲ್ಲ, ಮೇಲೆ ತೇಲುತ್ತದೆ. ಸ್ನಾನದ ಬಕೆಟ್ಟಿಗೆ ನಾಲ್ಕು ಹನಿ ಹಾಕಿಕೊಂಡರೆ ಆ ನಾಲ್ಕೂ ಹನಿ ನೇರ ಚರ್ಮಕ್ಕೇ ಅಂಟಿಕೊಳ್ಳುತ್ತವೆ.

ಲೆಕ್ಕ ಸುಲಭ. 1 ಮಿ.ಲೀ.ಗೆ ಸುಮಾರು 20 ಹನಿ ಎಂದು ಹಿಡಿಯಿರಿ. ಹಾಗಾದರೆ 30 ಮಿ.ಲೀ. ಸಾದಾ ಎಣ್ಣೆಗೆ 3 ಹನಿ ಹಾಕಿದರೆ ಶೇ. 0.5, ಇದು ಮುಖಕ್ಕೆ. 6 ಹನಿಗೆ ಶೇ. 1, ಸೂಕ್ಷ್ಮ ಚರ್ಮದವರಿಗೆ, ವಯಸ್ಸಾದವರಿಗೆ. 12 ಹನಿಗೆ ಶೇ. 2, ಮೈಗೆ ಹಚ್ಚಲು. ಮಣಿಕಟ್ಟಿಗೆ, ಕಿವಿಯ ಹಿಂದೆ ಒಂದು ಚುಕ್ಕೆ ಇಡುವ ಅತ್ತರಿಗೆ ಮಾತ್ರ ಶೇ. 5ರವರೆಗೆ ಹೋಗಬಹುದು. ಪಚೋಲಿಯ ಹನಿ ದಪ್ಪ ಇರುವುದರಿಂದ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಸಾಬೂನಿನಂಥ ದೊಡ್ಡ ಕೆಲಸಕ್ಕೆ ಹನಿ ಎಣಿಸಬೇಡಿ, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇಟ್ಟುಕೊಳ್ಳಿ.

ಹಚ್ಚುವ ಮೊದಲ ಸಲ, ಬೆರೆಸಿದ ಎಣ್ಣೆಯನ್ನು ಮೊಣಕೈಯ ಒಳಮಡಿಕೆಯಲ್ಲಿ ಸವರಿ ಒಂದು ದಿನ ಬಿಡಿ. ತುರಿಕೆ, ಉರಿ, ಕೆಂಪು ದದ್ದು ಯಾವುದೂ ಇಲ್ಲದಿದ್ದರೆ ಮುಂದುವರಿಸಿ. ಪಚೋಲಿ ಈ ವಿಷಯದಲ್ಲಿ ಸಾಧು ಎಣ್ಣೆ. ಬಿಸಿಲಿಗೆ ಹೋದರೆ ಚರ್ಮ ಸುಡುವ ದೋಷವೂ ಇದಕ್ಕಿಲ್ಲ. ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ಎಣ್ಣೆಗಳಿಗೆ ಆ ದೋಷ ಇದೆ, ಜೊತೆಗೆ ಬೆರೆಸುವಾಗ ನೆನಪಿರಲಿ.

ಸೀರೆಯ ಬೀರು

ನನ್ನ ಪ್ರಕಾರ ಪಚೋಲಿಯ ಅತ್ಯುತ್ತಮ ಕೆಲಸ ಇದೇ, ಬಹಳ ಹಳೆಯದೂ ಹೌದು. 19ನೇ ಶತಮಾನದಲ್ಲಿ ಕಾಶ್ಮೀರಿ ಶಾಲುಗಳು ಹಡಗು ಹತ್ತಿ ಯುರೋಪಿಗೆ ಹೋಗುತ್ತಿದ್ದಾಗ, ಹುಳು ಹಿಡಿಯದಿರಲೆಂದು ಮಡಿಕೆಗಳ ನಡುವೆ ಪಚೋಲಿಯ ಒಣ ಎಲೆ ಇಡುತ್ತಿದ್ದರು. ಪ್ಯಾರಿಸ್ಸಿನ, ಲಂಡನ್ನಿನ ಹೆಂಗಸರಿಗೆ ಆ ವಾಸನೆಯೇ ಅಸಲಿ ಶಾಲಿನ ಗುರುತಾಯಿತು. ಅಲ್ಲಿ ನಕಲು ಶಾಲು ನೇಯುತ್ತಿದ್ದವರು ವಿನ್ಯಾಸ ಕದ್ದರೂ ವ್ಯಾಪಾರ ಕುದುರದೆ, ಕೊನೆಗೆ ಪಚೋಲಿಯನ್ನೇ ತರಿಸಿ ತಮ್ಮ ಶಾಲುಗಳಿಗೆ ವಾಸನೆ ಹಿಡಿಸಿದರಂತೆ. ಹುಳುವಿನ ಮದ್ದಾಗಿ ಹೋದದ್ದು ಸುಗಂಧವಾಗಿ ಉಳಿಯಿತು.

ನಮ್ಮ ಬೀರುಗಳಲ್ಲಿ ಇಂದು ಆ ಜಾಗ ನುಸಿ ಗುಳಿಗೆಯದು. ನ್ಯಾಫ್ತಲೀನ್ ಗುಳಿಗೆಯ ಘಾಟು ಹತ್ತಿದ ಬಟ್ಟೆ ಹಸುಗೂಸುಗಳಿಗೆ ಒಳ್ಳೆಯದಲ್ಲ. ಜಿ6ಪಿಡಿ ಕೊರತೆ ಎಂಬ ಹುಟ್ಟುದೋಷ ಇರುವ ಮಗುವಿಗೆ ಅದರಿಂದ ರಕ್ತಕಣಗಳೇ ಒಡೆಯಬಹುದು. ಬಾಣಂತಿ ಇರುವ ಮನೆಯಲ್ಲಂತೂ ಗುಳಿಗೆಯನ್ನು ಹೊರಗೆ ಹಾಕುವುದು ಕ್ಷೇಮ.

ಪಚೋಲಿ ಚೀಲ ಮಾಡುವ ಕ್ರಮ ಹೀಗೆ. ಆರು ಚೀಲಕ್ಕೆ ಬೇಕಾಗುವುದು: ಒಣಗಿದ ಲಾವಂಚದ ಬೇರು ಎರಡು ಹಿಡಿ, ಮರಗೆಲಸದ ಹೊಟ್ಟು ಒಂದು ಹಿಡಿ, ಲವಂಗ ಹತ್ತು, ತಿಳಿ ಬಣ್ಣದ ಪಚೋಲಿ ಎಣ್ಣೆ 2 ಮಿ.ಲೀ., ಹಳೆಯ ಪಂಚೆಯ ಬಟ್ಟೆ.

ಲಾವಂಚವನ್ನು ಕತ್ತರಿಯಲ್ಲಿ ಒಂದಂಗುಲಕ್ಕೆ ತುಂಡು ಮಾಡಿ. ಲವಂಗವನ್ನು ಜಜ್ಜಿ, ಪುಡಿ ಮಾಡಬೇಡಿ. ಎಲ್ಲವನ್ನೂ ಮರದ ಹೊಟ್ಟಿನ ಜೊತೆ ಗಾಜಿನ ಭರಣಿಗೆ ಹಾಕಿ, ಪಚೋಲಿಯನ್ನು ಹನಿಹನಿಯಾಗಿ ಚಿಮುಕಿಸಿ, ಮುಚ್ಚಿ ಚೆನ್ನಾಗಿ ಕುಲುಕಿ. ಉಪ್ಪಿನಕಾಯಿಯ ಹಾಗೆ ಇದನ್ನೂ ಕಳಿಯಲು ಬಿಡಬೇಕು: ನಾಲ್ಕೈದು ದಿನ, ದಿನಕ್ಕೊಮ್ಮೆ ಕುಲುಕುತ್ತ. ಅಷ್ಟರಲ್ಲಿ ಎಣ್ಣೆ ಹೊಟ್ಟಿಗೆ ಇಳಿದು ಕೈಗೆ ಅಂಟದ ಹಾಗಾಗುತ್ತದೆ. ಆಮೇಲೆ ಎರಡು ಪದರದ ಬಟ್ಟೆಯ ಚೀಲಗಳಿಗೆ ತುಂಬಿ ಬಾಯಿ ಹೊಲಿಯಿರಿ.

ಚೀಲವನ್ನು ಸೀರೆಯ ಮೇಲೆ ಇಡಬಾರದು. ಶೆಲ್ಫಿನ ಮೂಲೆಯಲ್ಲಿ ಇಡಿ, ಇಲ್ಲವೇ ಹ್ಯಾಂಗರಿಗೆ ತೂಗುಹಾಕಿ. ಮೈಸೂರು ರೇಷ್ಮೆಯಾಗಲಿ, ಇಳಕಲ್ ಆಗಲಿ, ಜರಿ ಇರುವ ಯಾವುದೇ ಸೀರೆಗಾಗಲಿ ಎಣ್ಣೆ ತಗಲಕೂಡದು. ಮೂರು ತಿಂಗಳಿಗೊಮ್ಮೆ ಚೀಲವನ್ನು ಕೈಯಲ್ಲಿ ಹಿಸುಕಿ ನೋಡಿ, ವಾಸನೆ ಸಪ್ಪೆಯಾಗಿದ್ದರೆ ಬಿಚ್ಚಿ ಐದಾರು ಹನಿ ಸೇರಿಸಿ ಮತ್ತೆ ಕಳಿಯಲು ಬಿಡಿ.

ಒಂದು ಮಾತು. ಈ ವಾಸನೆ ಹುಳುವನ್ನು ದೂರ ಇಡಲು ನೆರವಾಗುತ್ತದೆಯೇ ಹೊರತು, ಆಗಲೇ ಬಟ್ಟೆಯಲ್ಲಿರುವ ಮೊಟ್ಟೆಯನ್ನೋ ಮರಿಹುಳುವನ್ನೋ ಕೊಲ್ಲುವುದಿಲ್ಲ. ಸೀರೆಯನ್ನು ಉಟ್ಟ ಬೆವರಿನಲ್ಲೇ ಮಡಿಸಿಟ್ಟು ಮೂಲೆಗೊಂದು ಚೀಲ ಇಟ್ಟರೆ ಪ್ರಯೋಜನವಿಲ್ಲ. ಗಾಳಿಗೆ ಹರಡಿ, ಮಡಿಕೆ ಬದಲಿಸಿ, ಬೀರುವಿನ ಮೂಲೆ ಗುಡಿಸಿ, ಅನಂತರ ಚೀಲ.

ಮೈಗೆ: ಅತ್ತರು ಮತ್ತು ಗಂಧದ ಮೇಣ

1960–70ರ ದಶಕದ ಹಿಪ್ಪಿಗಳ ಜೊತೆ ಪಚೋಲಿಯ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಅಮೆರಿಕದಲ್ಲಿ ಒಂದು ತಲೆಮಾರಿಗೆ ಆ ವಾಸನೆ ಅಂದರೆ ಉದ್ದ ಕೂದಲಿನ ಹುಡುಗರೇ ನೆನಪಾಗುತ್ತಿದ್ದರು. 1992ರಲ್ಲಿ ಬಂದ ಮ್ಯುಗ್ಲೇರ್ ಕಂಪನಿಯ 'ಏಂಜೆಲ್' ಎಂಬ ಸುಗಂಧ ಅದಕ್ಕೆ ಬೇರೆಯದೇ ಮರ್ಯಾದೆ ತಂದಿತು: ಮಿಠಾಯಿಯಂಥ ಸಿಹಿಯ ಅಡಿಯಲ್ಲಿ ಧಾರಾಳವಾಗಿ ಪಚೋಲಿ. 2014ರಲ್ಲಿ ಫಿರ್ಮೆನಿಶ್ ಎಂಬ ಸುಗಂಧ ಕಂಪನಿ ಸಕ್ಕರೆಯನ್ನು ಹುದುಗಿಸಿ, ಗಿಡವೇ ಇಲ್ಲದೆ ಪಚೋಲಿಯನ್ನು ಹೋಲುವ 'ಕ್ಲಿಯರ್‌ವುಡ್' ತಯಾರಿಸಿತು. ನಮ್ಮ ಬೆಂಗಳೂರು, ಮೈಸೂರಿನ ಅಗರಬತ್ತಿಯವರಿಗೆ ಮಾತ್ರ ಪಚೋಲಿ ಎಂದೂ ಹಳತಾಗಲಿಲ್ಲ, ಹೊಸತೂ ಆಗಲಿಲ್ಲ. ಗಂಧದ ಬೆಲೆ ಕೈಗೆಟುಕದಾದಾಗ ಆ ಆಳವನ್ನು ಕೊಡುವ ಅಗ್ಗದ ಎಣ್ಣೆಗಳಲ್ಲಿ ಇದೂ ಒಂದು.

ಇದನ್ನು ಒಂಟಿಯಾಗಿ ಹಚ್ಚಿಕೊಂಡರೆ ಅಕ್ಕಪಕ್ಕದವರು ಸರಿದು ಕೂರುತ್ತಾರೆ. ಜೊತೆ ಬೇಕು. ಹಾರುವ ಪರಿಮಳಗಳನ್ನು ಹಿಡಿದು ನಿಲ್ಲಿಸುವುದು ಪಚೋಲಿಯ ಗುಣ. ಹೂವಿನ ವಾಸನೆ ಮೇಲೆ, ಪಚೋಲಿ ಅಡಿಯಲ್ಲಿ.

10 ಮಿ.ಲೀ. ರೋಲ್-ಆನ್ ಸೀಸೆಗೆ ನಾನು ಹಾಕುವುದು: ಪಚೋಲಿ 3 ಹನಿ, ಲಾವಂಚದ ಎಣ್ಣೆ 1, ಲ್ಯಾವೆಂಡರ್ 4, ಕಿತ್ತಳೆ 2. ಒಟ್ಟು 10 ಹನಿ, ಅಂದರೆ ಶೇ. 5. ಮೊದಲು ಸಾರತೈಲಗಳನ್ನಷ್ಟೇ ಸೀಸೆಯಲ್ಲಿ ಬೆರೆಸಿ ಎರಡು ದಿನ ಬಿಡಿ, ಒಂದರೊಳಗೊಂದು ಹೊಂದಿಕೊಳ್ಳಲಿ. ಆಮೇಲೆ ಹೊಹೊಬಾ ಅಥವಾ ಬಾದಾಮಿ ಎಣ್ಣೆ ತುಂಬಿ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗಿ ಉರುಳೆ ತಿರುಗುವುದಿಲ್ಲ. ಒಂದು ವಾರ ಕತ್ತಲಲ್ಲಿಟ್ಟು ಹಚ್ಚಿ. ಮೊದಲ ದಿನದ ವಾಸನೆಗೆ ಬೇಸತ್ತು ಚೆಲ್ಲಿಬಿಡಬೇಡಿ.

ಪ್ರಯಾಣಕ್ಕೆ ಗಂಧದ ಮೇಣ ವಾಸಿ. ಜೇನುಮೇಣ 5 ಗ್ರಾಂ, ಕೊಬ್ಬರಿ ಎಣ್ಣೆ 15 ಮಿ.ಲೀ. ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಒಲೆಯ ಮೇಲೆ ನೇರ ಇಡಬೇಡಿ. ಕೆಳಗಿಳಿಸಿ, ಅಂಚಿನಲ್ಲಿ ಮೇಣ ಹೆಪ್ಪುಗಟ್ಟಲು ಶುರುವಾದಾಗ ಮೇಲೆ ಹೇಳಿದ ಸಾರತೈಲಗಳ ಮಿಶ್ರಣ 20 ಹನಿ ಸೇರಿಸಿ, ಕಡ್ಡಿಯಲ್ಲಿ ಕಲಕಿ ಕುಂಕುಮದ ಭರಣಿಗೆ ಸುರಿಯಿರಿ. ಬಿಸಿ ಹೆಚ್ಚಿದ್ದಾಗಲೇ ಹಾಕಿದರೆ ಕಿತ್ತಳೆಯೆಲ್ಲ ಹಾರಿಹೋಗಿ ಬರೀ ಪಚೋಲಿ ಉಳಿಯುತ್ತದೆ.

ಚರ್ಮ, ಹಿಮ್ಮಡಿ, ತಲೆ

ಇಲ್ಲಿ ಪ್ರಚಾರದ ಮಾತು ಜಾಸ್ತಿ. ಪಚೌಲಾಲ್ ಉರಿಯೂತ ತಗ್ಗಿಸುತ್ತದೆ, ಕೆಲವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಬೆಳವಣಿಗೆ ತಡೆಯುತ್ತದೆ ಎಂದು ತೋರಿಸಿದ ಪ್ರಯೋಗಾಲಯದ ಅಧ್ಯಯನಗಳು ಇವೆ. ಗಾಜಿನ ತಟ್ಟೆಯಲ್ಲಿ, ಇಲಿಗಳಲ್ಲಿ. ಅದನ್ನು 'ಮೊಡವೆ ಮಾಯ', 'ಸುಕ್ಕು ಮಾಯ' ಎಂದು ಅನುವಾದ ಮಾಡುವುದು ಮಾರುವವರ ಕೆಲಸ. ಎಕ್ಸಿಮಾ, ಸೋರಿಯಾಸಿಸ್ ಇದ್ದರೆ ಚರ್ಮವೈದ್ಯರ ಮದ್ದನ್ನು ಬಿಟ್ಟು ಇದಕ್ಕೆ ಬರಬೇಡಿ. ಒಡೆದ ಚರ್ಮದ ಮೇಲೆ ಸಾರತೈಲ ಇನ್ನಷ್ಟು ಉರಿ ತರಬಹುದು.

ಹಿಮ್ಮಡಿ ಬಿರುಕಿಗೆ ನಾನು ಮಾಡುವ ಮುಲಾಮು ಒಂದಿದೆ. ಮಲೆನಾಡು, ಉತ್ತರ ಕನ್ನಡದ ಮನೆಗಳಲ್ಲಿ ಮುರುಗಲು ತುಪ್ಪ ಇದ್ದೇ ಇರುತ್ತದೆ. ಮುರುಗಲು ಬೀಜದಿಂದ ತೆಗೆದ, ಕೋಣೆಯ ಬಿಸಿಗೆ ಕರಗದ ಗಟ್ಟಿ ಕೊಬ್ಬು. ಅದು 20 ಗ್ರಾಂ, ಎಳ್ಳೆಣ್ಣೆ 20 ಮಿ.ಲೀ., ಮೇಲೆ ಹೇಳಿದ ಹಾಗೆ ಬಿಸಿನೀರಿನಲ್ಲಿಟ್ಟು ಕರಗಿಸಿ, ಆರುವಾಗ ಪಚೋಲಿ 12 ಹನಿ. ರಾತ್ರಿ ಕಾಲು ತೊಳೆದು, ಪೂರ್ತಿ ಒರೆಸದೆ, ತೇವ ಇರುವಾಗಲೇ ತಿಕ್ಕಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಒಂದು ವಾರದಲ್ಲಿ ಬಿರುಕು ಮೆತ್ತಗಾಗುತ್ತದೆ. ಅದರ ಕೀರ್ತಿ ಮುರುಗಲು ತುಪ್ಪಕ್ಕೇ ಸಲ್ಲಬೇಕು. ಪಚೋಲಿ ಪರಿಮಳಕ್ಕೆ ಇದೆ, ಪ್ರತಿ ರಾತ್ರಿ ಹಚ್ಚುವ ಮನಸ್ಸು ಬರಲಿ ಅಂತ. ರಕ್ತ ಜಿನುಗುವ ಬಿರುಕಿಗೆ, ಸಕ್ಕರೆ ಕಾಯಿಲೆ ಇರುವವರ ಪಾದದ ಗಾಯಕ್ಕೆ ಇದು ಬೇಡ.

ತಲೆಹೊಟ್ಟಿಗೂ ಕೂದಲು ಉದುರುವುದಕ್ಕೂ ಪಚೋಲಿಯನ್ನು ನಂಬಿ ಕೂರಬೇಡಿ. 100 ಮಿ.ಲೀ. ಕೊಬ್ಬರಿ ಎಣ್ಣೆಗೆ 20 ಹನಿ ಹಾಕಿಟ್ಟುಕೊಂಡರೆ ತಲೆಗೆ ಒಳ್ಳೆಯ ವಾಸನೆ, ಅಷ್ಟೆ.

ಕೋಣೆಗೆ

ಕರೆಂಟಿನ ಡಿಫ್ಯೂಸರ್ ಇದ್ದರೆ 100 ಮಿ.ಲೀ. ನೀರಿಗೆ ಪಚೋಲಿ 2 ಹನಿ, ಕಿತ್ತಳೆ 3 ಹನಿ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಕಿಟಕಿ ತೆರೆದಿರಲಿ. ಮಂದವಾದ ಎಣ್ಣೆಯಾದ್ದರಿಂದ ಯಂತ್ರದ ತಳದ ತಟ್ಟೆಗೆ ಅಂಟುತ್ತದೆ. ಪ್ರತಿ ಸಲ ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸದಿದ್ದರೆ ನಾಲ್ಕನೇ ವಾರಕ್ಕೆ ಹಬೆ ನಿಲ್ಲುತ್ತದೆ. ಸಾಂಬ್ರಾಣಿಯ ಕೆಂಡದ ಮೇಲೆ ಮಾತ್ರ ಸುರಿಯಬೇಡಿ. ಸುಟ್ಟ ವಾಸನೆ, ಹೊಗೆ ಬಿಟ್ಟರೆ ಬೇರೇನೂ ಸಿಗದು.

ಮನಸ್ಸಿಗೆ ಹಿತ ಎನ್ನುವ ಮಾತಿಗೆ ಸ್ವಲ್ಪ ಆಧಾರ ಇದೆ. 2002ರಲ್ಲಿ ಜಪಾನಿನ ಸಂಶೋಧಕರು ಆರೋಗ್ಯವಂತ ವಯಸ್ಕರಿಗೆ ಬೇರೆ ಬೇರೆ ಎಣ್ಣೆ ಮೂಸಿಸಿ ಅಳೆದಾಗ, ಗುಲಾಬಿ ಮತ್ತು ಪಚೋಲಿ ಮೂಸಿದವರಲ್ಲಿ ಸಿಂಪಥೆಟಿಕ್ ನರಗಳ ಚಟುವಟಿಕೆ ಶೇ. 40ರಷ್ಟು ಇಳಿದಿತ್ತು. ಗಾಬರಿಯಾದಾಗ ಎದೆ ಬಡಿದುಕೊಳ್ಳುವಂತೆ ಮಾಡುವ ನರಜಾಲ ಅದು. ಕರಿಮೆಣಸು, ಸೋಂಪಿನಂಥ ಎಣ್ಣೆಗಳು ತದ್ವಿರುದ್ಧ ಕೆಲಸ ಮಾಡಿದ್ದವು. ಸಣ್ಣ ಅಧ್ಯಯನ, ಖಿನ್ನತೆಯ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ಸಂಜೆ ದಣಿದು ಬಂದಾಗ ಒಂದಿಷ್ಟು ನಿಧಾನವಾಗಿ ಉಸಿರಾಡಲು ನೆಪವಾದರೆ ಅಷ್ಟೇ ಸಾಕಲ್ಲ.

ಸೊಳ್ಳೆ

2005ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಒಂದು ಪರೀಕ್ಷೆಯಲ್ಲಿ 38 ಸಾರತೈಲಗಳನ್ನು ಸೊಳ್ಳೆಯ ಮೇಲೆ ನೋಡಿದರು. ಸಿಟ್ರೊನೆಲ್ಲಾ, ಲವಂಗ, ಪಚೋಲಿ ಮತ್ತು ಅಲ್ಲಿನ ಜುಮ್ಮನಕಾಯಿಯ ಬಂಧುವಾದ ಒಂದು ಮಸಾಲೆಯ ಎಣ್ಣೆ ಎರಡು ಗಂಟೆ ಕಾಲ ಸೊಳ್ಳೆಯನ್ನು ಪೂರ್ತಿ ದೂರ ಇಟ್ಟವು. ಈ ವಾಕ್ಯವನ್ನಷ್ಟೇ ಎತ್ತಿಕೊಂಡು ಎಣ್ಣೆ ಮಾರುತ್ತಾರೆ. ಅಲ್ಲಿ ಹಚ್ಚಿದ್ದು ಏನನ್ನೂ ಬೆರೆಸದ ನೇರ ಎಣ್ಣೆಯನ್ನು. ತೆಳುಮಾಡಿದಷ್ಟೂ ರಕ್ಷಣೆಯ ಹೊತ್ತು ಕಡಿಮೆಯಾಗುತ್ತದೆ, ನೇರ ಹಚ್ಚುವುದು ಚರ್ಮಕ್ಕೆ ಸಲ್ಲ. ಡೆಂಗಿ ಇರುವ ಊರಲ್ಲಿ ಬೇಕಾದದ್ದು ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಮುಲಾಮು, ಸೊಳ್ಳೆಪರದೆ, ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು, ಪಚೋಲಿಯಲ್ಲ.

ಸಾಬೂನು

ಸುಲಭದ ದಾರಿ: ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಸೋಪ್ ಬೇಸ್ 500 ಗ್ರಾಂ ತಂದು, ತುಂಡು ಮಾಡಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕುದಿಸಬೇಡಿ. ಕೈಗೆ ತಾಳುವಷ್ಟು ಆರಿದ ಮೇಲೆ ಪಚೋಲಿ 3 ಗ್ರಾಂ, ಲ್ಯಾವೆಂಡರ್ 2 ಗ್ರಾಂ ಹಾಕಿ ಕಲಕಿ ಅಚ್ಚಿಗೆ ಸುರಿಯಿರಿ. ಕಾಸ್ಟಿಕ್ ಸೋಡಾ ಹಾಕಿ ತಣ್ಣನೆಯ ವಿಧಾನದಲ್ಲಿ ಮಾಡುವವರಿಗೆ ಪಚೋಲಿ ಇನ್ನೂ ಆಪ್ತ. ಆ ಕ್ಷಾರದಲ್ಲಿ ಕಿತ್ತಳೆ, ನಿಂಬೆ ಸತ್ತುಹೋಗುತ್ತವೆ, ಪಚೋಲಿ ಉಳಿದು ಒಂದೂವರೆ ತಿಂಗಳು ಒಣಗಿದ ಮೇಲೂ ಮೊದಲಿನಷ್ಟೇ ಗಟ್ಟಿಯಾಗಿರುತ್ತದೆ. 1 ಕೆ.ಜಿ. ಎಣ್ಣೆಗೆ 20 ಗ್ರಾಂ ಸಾಕು.

ಯಾರಿಗೆ ಬೇಡ

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸದ್ಯದಲ್ಲೇ ಶಸ್ತ್ರಚಿಕಿತ್ಸೆ ಇರುವವರು ವೈದ್ಯರನ್ನು ಕೇಳದೆ ಮೈಗೆ ಹಚ್ಚಬೇಡಿ. ಆಲ್ಫಾ-ಬುಲ್ನೆಸೀನ್ ರಕ್ತದ ಪ್ಲೇಟ್‌ಲೆಟ್‌ಗಳು ಗುಂಪುಗೂಡುವುದನ್ನು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಬಸುರಿಯರು, ಹಾಲೂಡಿಸುವವರೂ ಕೇಳಿಯೇ ಬಳಸಿ. ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚುವುದೇ ಬೇಡ. ಬೆಕ್ಕು ಸಾಕಿದ್ದರೆ ಅದು ಮಲಗುವ ಕೋಣೆಯಲ್ಲಿ ಡಿಫ್ಯೂಸರ್ ಇಡಬೇಡಿ, ಇಂಥ ಎಣ್ಣೆಗಳ ಕೆಲವು ಅಂಶಗಳನ್ನು ಅದರ ಯಕೃತ್ತು ಅರಗಿಸಲಾರದು.

ನುಂಗುವುದಂತೂ ಯಾರಿಗೂ ಬೇಡ. ಚೀನಾದ ವೈದ್ಯದಲ್ಲಿ ಪಚೋಲಿಯನ್ನು ಹೊಟ್ಟೆಯ ತೊಂದರೆಗೆ ಕೊಡುತ್ತಾರೆ ನಿಜ, ಅದು ಎಲೆಕಾಂಡವನ್ನು ಇತರ ಮೂಲಿಕೆಗಳ ಜೊತೆ ಸೇರಿಸಿ ಮಾಡುವ ಔಷಧ, ಸೀಸೆಯ ಎಣ್ಣೆಯಲ್ಲ. ಮಗು ಅಪ್ಪಿತಪ್ಪಿ ಕುಡಿದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚು. ಸೀಸೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಇಡುವುದು

ಗಾಜಿನ ಸೀಸೆ, ಬಿಗಿ ಮುಚ್ಚಳ, ಬಿಸಿಲು ಬೀಳದ ಕಪಾಟು. ನಿಂಬೆ, ಕಿತ್ತಳೆಯ ಎಣ್ಣೆ ಒಂದೆರಡು ವರ್ಷಕ್ಕೆ ಹಳಸುತ್ತದೆ. ಪಚೋಲಿ ವಯಸ್ಸಾದಂತೆ ಮಾಗುತ್ತದೆ, ಘಾಟು ಇಳಿದು ಸಿಹಿ ಏರುತ್ತದೆ. ಸೀಸೆಯ ಮೇಲೆ ತೆರೆದ ದಿನಾಂಕ ಬರೆದಿಡಿ. ಐದು ವರ್ಷದ ನನ್ನ ಸೀಸೆಯ ತಳದ ಎಣ್ಣೆಯನ್ನು ಯಾರಿಗೂ ಕೊಟ್ಟಿಲ್ಲ.

ಒಂದು ಕುಂಡ

ಕರಾವಳಿ, ಮಲೆನಾಡಿನ ಅಡಿಕೆ, ತೆಂಗಿನ ತೋಟದ ಅರೆನೆರಳು ಈ ಗಿಡಕ್ಕೆ ಹೇಳಿಮಾಡಿಸಿದಂತಿದೆ. ತೋಟದ ನಡುವೆ ಎಕರೆಗಟ್ಟಲೆ ಹಾಕುವ ಯೋಚನೆ ಇದ್ದರೆ, ಹತ್ತಿರದಲ್ಲಿ ಭಟ್ಟಿ ಇದೆಯೇ, ಕೊಳ್ಳುವವರು ಯಾರು ಎಂಬುದನ್ನು ಕಡ್ಡಿ ನೆಡುವ ಮೊದಲೇ ಖಚಿತಪಡಿಸಿಕೊಳ್ಳಿ. ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆಯಾದ ಸಿಮ್ಯಾಪ್‌ನ ಬೆಂಗಳೂರಿನ ಸಂಶೋಧನಾ ಕೇಂದ್ರದಲ್ಲಿ ಕೇಳಬಹುದು. ಇಂಡೋನೇಷ್ಯಾದಲ್ಲಿ ಬೆಳೆ ಹೆಚ್ಚಾದ ವರ್ಷ ಇಲ್ಲಿಯ ಬೆಲೆಯೂ ಕುಸಿಯುತ್ತದೆ.

ಮನೆಗಾದರೆ ಒಂದು ಕುಂಡ ಸಾಕು. ನಾಲ್ಕೈದು ಅಂಗುಲದ, ನಾಲ್ಕು ಗೆಣ್ಣಿರುವ ಕಡ್ಡಿ ತಂದು ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ನೆಡಿ. ನೆರಳಲ್ಲಿಡಿ, ಮಣ್ಣು ಒದ್ದೆಯಿರಲಿ, ನೀರು ನಿಲ್ಲದಿರಲಿ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ, ಐದಾರು ತಿಂಗಳಿಗೆ ಮೊದಲ ಕೊಯ್ಲು. ಗಿಡ ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಮುರುಟಿದರೆ ಬೇರು ಬಿಡಿಸಿ ನೋಡಿ. ಚಿಕ್ಕ ಚಿಕ್ಕ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕಾಟ. ಆ ಮಣ್ಣನ್ನು ಚೆಲ್ಲಿ, ಹೊಸ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ, ಗಿಡದ ತುದಿಯಿಂದ ಹೊಸ ಕಡ್ಡಿ ತೆಗೆದು ನೆಡಿ. ಹಳೆ ಬೇರನ್ನು ಉಳಿಸಲು ಹೆಣಗಬೇಡಿ.

ಹಸಿ ಎಲೆಯನ್ನು ಉಜ್ಜಿ ಮೂಸಿ 'ಇಷ್ಟೇನಾ' ಎಂದು ನಿರಾಶರಾಗಬೇಡಿ. ಕೊಯ್ದು ನೆರಳಲ್ಲಿ ನಾಲ್ಕೈದು ದಿನ ಹರಡಿ, ದಿನಕ್ಕೊಮ್ಮೆ ಮಗುಚಿ, ಗರಿಗರಿಯಾಗುವ ಮೊದಲೇ ಎತ್ತಿ ಡಬ್ಬಿಯಲ್ಲಿ ಒಂದು ವಾರ ಮುಚ್ಚಿಡಿ. ಮುಚ್ಚಳ ತೆಗೆದಾಗ ಬರುವುದೇ ಆ ಶಾಲುಗಳ ವಾಸನೆ. ಹತ್ತಿಪ್ಪತ್ತು ಎಲೆ ಸಿಕ್ಕರೂ ಒಂದು ಚೀಲಕ್ಕೆ ಆಗುತ್ತದೆ, ಅದಕ್ಕೆ ಎಣ್ಣೆಯ ಹನಿಯೂ ಬೇಕಿಲ್ಲ, ಸೀರೆಗೆ ಕಲೆಯ ಭಯವೂ ಇಲ್ಲ.